ಕೂತವರ ಅಳತೆ

ಆ ಮನೆಯಲ್ಲಿ ಊಟಕ್ಕೆ ಕೂರುವ ಮೊದಲು ದೇವರನ್ನು ನೆನೆಯುತ್ತಿದ್ದರು. ಎದ್ದ ಮೇಲೆ ಸೊಸೆಯನ್ನು ಬೈಯುತ್ತಿದ್ದರು. ಎರಡನ್ನೂ ನಡೆಸಿಕೊಡುವವರು ಅತ್ತೆಯೇ. ಕಣ್ಣು ಮುಚ್ಚಿ ಕೈ ಮುಗಿದರೆ ಅವರ ಮುಖ ಹಾಲಿನಲ್ಲಿ ತೊಳೆದಂತಿರುತ್ತಿತ್ತು. ಕಣ್ಣು ಬಿಟ್ಟರೆ ಹಾಲು ಒಡೆಯುತ್ತಿತ್ತು.

ಬೀದಿಗೆ ಸಿದ್ಧ ಉಡುಪಿನ ಅಂಗಡಿ, ಅದರ ಹಿಂದೆ ಹೊಲಿಗೆಯ ಕೋಣೆ, ಅದರ ಹಿಂದೆ ಮನೆ. ಸೊಸೆ ಈ ಮನೆಗೆ ಬಂದದ್ದೇ ತನ್ನ ಕತ್ತರಿಯ ಪುಣ್ಯದಿಂದ. ಉದ್ದನೆಯ ಮೇಜಿನ ಮೇಲೆ ಬಟ್ಟೆಯನ್ನು ಪದರ ಪದರವಾಗಿ ಹಾಸಿ ಅವಳು ಕತ್ತರಿ ಇಟ್ಟರೆ ಮೇಲಿನ ಪದರಕ್ಕೂ ಅಡಿಯ ಪದರಕ್ಕೂ ಕೂದಲೆಳೆಯ ವ್ಯತ್ಯಾಸ ಬರುತ್ತಿರಲಿಲ್ಲ. ಹೊಲಿಯುವ ಹೆಂಗಸರು ಅವಳನ್ನು ಕತ್ತರಿ ಅಕ್ಕ ಎನ್ನುತ್ತಿದ್ದರು. ಅವಳ ಗಂಡನಿಗೂ ಅವರೇ ಒಂದು ಹೆಸರಿಟ್ಟಿದ್ದರು: ಆಯ್ತಮ್ಮ. ತಾಯಿ ಏನೇ ಹೇಳಲಿ, ಅವನ ಬಾಯಿಂದ ಬರುತ್ತಿದ್ದುದು ಆ ಒಂದೇ ಮಾತು.

ಅಟ್ಟದಿಂದ ಅಸ್ತರಿನ ಬಟ್ಟೆ ಇಳಿಸಲು ಏಣಿ ಹತ್ತಿದ್ದಾಗ ಮೆಟ್ಟಿಲೊಂದು ಕಳಚಿ ಸೊಸೆ ಬಿದ್ದಳು. ಆ ಮೆಟ್ಟಿಲು ಸಡಿಲವಾಗಿದೆ ಎಂದು ಅವಳೇ ಎಷ್ಟೋ ಸಲ ಹೇಳಿದ್ದಳು. ಬಡಗಿಯನ್ನು ಕರೆಸಿದರೆ ಏಣಿಯ ಜೊತೆಗೆ ಬಾಗಿಲನ್ನೂ ರಿಪೇರಿ ಮಾಡಿಸಬೇಕಾಗುತ್ತದೆಂದು ಅತ್ತೆ ಮುಂದೂಡಿದ್ದರು. ಸೊಂಟದಿಂದ ಕೆಳಗೆ ಅವಳ ಮೈ ಅವಳದಾಗಿ ಉಳಿಯಲಿಲ್ಲ. ಚಿವುಟಿದರೂ ಗೊತ್ತಾಗದು, ಸುಟ್ಟರೂ ಗೊತ್ತಾಗದು. ಬಂದವರಿಗೆಲ್ಲ ಅತ್ತೆ, ಹಣೆಬರಹ ತಪ್ಪಿಸೋಕೆ ಯಾರಿಂದಾಗುತ್ತೆ, ಏಣಿ ಒಂದು ನೆಪ ಅಷ್ಟೆ, ಎನ್ನುತ್ತಿದ್ದರು. ಬಡಗಿ ಆಮೇಲೆ ಬಂದ. ಬಾಗಿಲು ಮಾತ್ರ ಸರಿಮಾಡಿ ಹೋದ.

ಸೊಸೆಗೆ ದಿನವೂ ಬಟ್ಟೆ ಹಾಕಿಸುವ ಕೆಲಸ ಅತ್ತೆಯ ಪಾಲಿಗೆ ಬಿತ್ತು. ಒಂದು ವಾರ ಗೊಣಗಿದರು. ಎಂಟನೆಯ ದಿನ ಅವಳ ನಿಲುವಂಗಿಗಳನ್ನೆಲ್ಲ ತಂದು ಮುಂದೆ ಗುಡ್ಡೆ ಹಾಕಿಕೊಂಡು, ಹಿಂಬದಿಯ ಕುತ್ತಿಗೆಯಿಂದ ಅಂಚಿನವರೆಗೆ ಉದ್ದಕ್ಕೆ ಸೀಳಿ, ಎರಡೆರಡು ಕಡೆ ದಾರ ಹೊಲಿದರು. ಎತ್ತುವುದೂ ಬೇಡ, ಇಳಿಸುವುದೂ ಬೇಡ; ಮುಂದಿನಿಂದ ಹೊದಿಸಿ ಹಿಂದೆ ಗಂಟು ಹಾಕಿದರೆ ಮುಗಿಯಿತು. ಮುಂದೆ ಮರ್ಯಾದೆ, ಹಿಂದೆ ಬಯಲು. ಆ ಅಂಗಿ ತೊಟ್ಟು ಅವಳು ಹೊಸಿಲು ದಾಟುವಂತಿರಲಿಲ್ಲ. ದಾಟಬೇಕಾದರೂ ಯಾಕೆ ಎಂದು ಮನೆಯಲ್ಲಿ ಯಾರೂ ಕೇಳಲಿಲ್ಲ.

ಕೊನೆಗೆ ಅವಳೇ ಕೇಳಿಕೊಂಡಳು. ಮೂಲೆಯಲ್ಲಿ ಕೈಯಿಂದ ತಿರುಗಿಸುವ ಹಳೆಯ ಹೊಲಿಗೆ ಯಂತ್ರ ಬಿದ್ದಿತ್ತು. ಅದಕ್ಕೆ ಎಣ್ಣೆ ಬಿಟ್ಟು, ತುಂಡು ಬಟ್ಟೆಗಳನ್ನು ಕೂಡಿಸಿ, ಹೊಲಿದು ಬಿಚ್ಚಿ, ಬಿಚ್ಚಿ ಹೊಲಿದು, ತನಗೊಂದು ಪ್ಯಾಂಟು ಮಾಡಿಕೊಂಡಳು. ನಿಂತವರ ಅಳತೆಯೇ ಬೇರೆ, ಕೂತವರ ಅಳತೆಯೇ ಬೇರೆ. ಕೂತಾಗ ಹಿಂದೆ ಬಟ್ಟೆ ಸಾಲದೆ ಜಾರುತ್ತದೆ, ಮುಂದೆ ಹೆಚ್ಚಾಗಿ ಹೊಟ್ಟೆಯ ಮೇಲೆ ಮುದ್ದೆಯಾಗುತ್ತದೆ. ಹಾಗಾಗಿ ಹಿಂಭಾಗ ಎತ್ತರ, ಮುಂಭಾಗ ತಗ್ಗು. ಮಂಡಿಯ ಹತ್ತಿರ ಬಾಗಿದ ಆಕಾರ. ಎರಡು ಪಕ್ಕದಲ್ಲೂ ಸೊಂಟದಿಂದ ಮಂಡಿಯವರೆಗೆ ಜಿಪ್ಪು. ಜೇಬು ತೊಡೆಯ ಮೇಲೆ. ಕೂರುವ ಜಾಗದಲ್ಲಿ ಮಾತ್ರ ಒಂದು ಹೊಲಿಗೆಯೂ ಇಲ್ಲ, ಒಂದು ಮಡಿಕೆಯೂ ಇಲ್ಲ. ಬಿದ್ದ ಹೊಸತರಲ್ಲಿ ಒಂದು ದಪ್ಪ ಹೊಲಿಗೆಯ ಮೇಲೆ ತಿಳಿಯದೆ ಕೂತು ಅವಳಿಗೆ ಹುಣ್ಣಾಗಿತ್ತು; ಅದು ಮಾಯಲು ಒಂದು ಮಳೆಗಾಲ, ಒಂದು ಚಳಿಗಾಲ ಹಿಡಿದಿದ್ದವು. ಅದನ್ನು ತೊಳೆದವರೂ ಅತ್ತೆಯೇ, ತೊಳೆದದ್ದನ್ನು ಊರಿಗೆಲ್ಲ ಹೇಳಿದವರೂ ಅತ್ತೆಯೇ.

ಈ ಪ್ಯಾಂಟನ್ನು ಅವಳು ಮಲಗಿಕೊಂಡೇ ಹಾಕಿಕೊಳ್ಳುತ್ತಿದ್ದಳು. ಗಾಲಿಕುರ್ಚಿಗೆ ಬ್ರೇಕು ಹಾಕಿ ಮಂಚಕ್ಕೆ ಒತ್ತಿ ನಿಲ್ಲಿಸಿಕೊಂಡರೆ, ಅದರ ಕೈಯನ್ನು ಹಿಡಿದು ಎಳೆದುಕೊಂಡು ಅತ್ತ ಹೊರಳುವಳು, ಇತ್ತ ಹೊರಳುವಳು. ರಾತ್ರಿ ಮಗ್ಗುಲು ಬದಲಿಸುವುದೂ ಹಾಗೆಯೇ. ಆ ಕುರ್ಚಿ ಹಗಲು ಅವಳಿಗೆ ಕಾಲು, ರಾತ್ರಿ ಕೈ.

ಆಸ್ಪತ್ರೆಯಲ್ಲಿ ವ್ಯಾಯಾಮ ಮಾಡಿಸುವಾಕೆ ಆ ಬಟ್ಟೆಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, ತನ್ನಲ್ಲಿಗೆ ಬರುವ ಇನ್ನಷ್ಟು ಜನರಿಗೆ ಹೊಲಿಸಿಕೊಂಡಳು. ಮಾತು ಬಾಯಿಂದ ಬಾಯಿಗೆ ಹೋಯಿತು. ದೊಡ್ಡ ಊರಿನ ವಸ್ತುಪ್ರದರ್ಶನದವರಿಂದ ಫೋನು ಬಂತು: ಒಂದು ಮಳಿಗೆ ಕೊಡುತ್ತೇವೆ, ಹೊಲಿದಾಕೆಯೇ ಬಂದು ತೋರಿಸಲಿ.

ಆ ರಾತ್ರಿ ಊಟದ ಹೊತ್ತಿಗೆ ಅದೇ ಮಾತು. ರೈಲಿನಲ್ಲಿ ಹೋಗಬೇಕು, ಒಂದು ರಾತ್ರಿ ಅಲ್ಲಿರಬೇಕು. ಇವಳನ್ನು ಎತ್ತುವವರು ಯಾರು, ಇಳಿಸುವವರು ಯಾರು, ಉಡಿಸುವವರು ಯಾರು ಎಂದು ಅತ್ತೆ ಒಂದೊಂದೇ ತುತ್ತಿಗೆ ಒಂದೊಂದು ಪ್ರಶ್ನೆ ಎತ್ತಿದರು.

"ಯಾರೂ ಬೇಡ ಅತ್ತೆ," ಎಂದಳು ಸೊಸೆ. "ನಾನೇ ಹಾಕ್ಕೋತೀನಿ, ನಾನೇ ಬಿಚ್ಕೋತೀನಿ. ಅದಕ್ಕೇ ಅಲ್ವಾ ಹೊಲಿದಿದ್ದು."

ಅತ್ತೆ ಅನ್ನ ಮೆತ್ತಗಾಗಿದೆ ಎಂದು ಮಗಳನ್ನು ಗದರಿದರು. ಮಗಳು, ಅಂದರೆ ನಾದಿನಿ, ಇನ್ನೂ ಮದುವೆಯಾಗದವಳು. ಅಂಗಡಿಯ ದೊಡ್ಡ ಕನ್ನಡಿಗೂ ಅವಳಿಗೂ ಬಿಡದ ಸ್ನೇಹ. ಎರಡು ದಿನ ಬಿಟ್ಟು ಅತ್ತೆಯ ಮಾತು ಬೆಣ್ಣೆಯಾಯಿತು. ಸೊಸೆ ಮೊದಲು ಕಾಗದದ ಮೇಲೆ ಎಲ್ಲ ಆಕಾರಗಳನ್ನೂ ಕತ್ತರಿಸಿ ಕೊಡಲಿ, ಹೆಂಗಸರು ಹೊಲಿದು ಮಳಿಗೆಗೆ ಸರಕು ಸಿದ್ಧ ಮಾಡಲಿ. ಅವಳು ಬರುವುದಂತೂ ಇದ್ದೇ ಇದೆ. ಗಂಡ ಆಯ್ತಮ್ಮ ಎಂದ. ಸೊಸೆ ಕೊಟ್ಟಳು. ಕೊಟ್ಟು, ಪ್ರಯಾಣಕ್ಕೆಂದು ತನಗೊಂದು ಕಡುಹಸಿರಿನ ಅಂಗಿ-ಪ್ಯಾಂಟಿನ ಜೋಡಿ ಹೊಲಿದುಕೊಂಡು ಮಂಚದೆದುರಿನ ಮೊಳೆಗೆ ತೂಗುಹಾಕಿದಳು. ಬಿದ್ದಂದಿನಿಂದ ಅವಳು ಕಂಡ ಅತಿ ದೂರದ ಊರು ಆಸ್ಪತ್ರೆ. ಈಗ ಬೆಳಗ್ಗೆ ಎದ್ದೊಡನೆ ಆ ಹಸಿರನ್ನು ನೋಡುತ್ತಿದ್ದಳು.

ಸರಕು ಸಿದ್ಧವಾಯಿತು. ನಾದಿನಿ ಒಂದನ್ನು ತೊಟ್ಟು ಕನ್ನಡಿಯ ಮುಂದೆ ನಿಂತಳು. ನಿಂತ ಮೈಮೇಲೆ ಅದು ಬೆದರುಬೊಂಬೆಗೆ ಉಡಿಸಿದ ಹಾಗಿತ್ತು: ಹಿಂದೆ ಜೋಲು, ಮುಂದೆ ತಗ್ಗು, ಮಂಡಿಯಲ್ಲಿ ಗೂನು. ಹೊಲಿಗೆಯ ಹೆಂಗಸರು ಬಾಯಿಗೆ ಬಟ್ಟೆ ಅಡ್ಡ ಹಿಡಿದು ನಕ್ಕರು. ಅತ್ತೆ ನಗಲಿಲ್ಲ. ಸೊಂಟವನ್ನು ಸುತ್ತ ಒಂದೇ ಸಮ ಮಾಡಬೇಕು, ಹಿಂದೆ ಎರಡು ಜೇಬಿಟ್ಟು ಹಿತ್ತಾಳೆಯ ಗುಂಡಿ ಹಚ್ಚಬೇಕು, ಆಗ ತೂಗುಹಾಕಿದರೂ ಲಕ್ಷಣವಾಗಿರುತ್ತದೆ ಎಂದು ತೀರ್ಪು ಕೊಟ್ಟರು.

ಸೊಸೆ ಕುರ್ಚಿಯನ್ನು ತಾನೇ ತಳ್ಳಿಕೊಂಡು ಬಂದಳು. "ಗುಂಡಿ ಮೇಲೆ ಕೂತರೆ ಏನಾಗುತ್ತೆ ಅಂತ ನಿಮಗೆ ಗೊತ್ತಿಲ್ವಾ ಅತ್ತೆ? ನೀವೇ ತೊಳೆದಿದ್ದೀರಿ."

"ಗಿರಾಕಿ ಕೊಳ್ಳೋದು ಕಣ್ಣಿಂದ ಕಣೇ, ಕುಂಡಿಯಿಂದ ಅಲ್ಲ," ಎಂದರು ಅತ್ತೆ. ಹೆಂಗಸರಿಗೆ ಇನ್ನೊಂದು ಸುತ್ತು ನಗು.

ಹೊರಡುವ ಹಿಂದಿನ ಸಂಜೆ ಸೊಸೆಯ ಮಂಚದ ತುದಿಯಲ್ಲೇ ಕೂತು ನಾದಿನಿ ಗುಂಡಿ ಹಚ್ಚಿದಳು. ಮನೆಯಲ್ಲಿ ಬೆಳಕು ಚೆನ್ನಾಗಿದ್ದುದು ಅಲ್ಲೇ. ಡಬ್ಬಿ ಮಗುಚಿ ಗುಂಡಿಗಳು ಹಾಸಿಗೆಯ ಮೇಲೆಲ್ಲ ಉರುಳಿದವು. ಆರಿಸಿ ಆರಿಸಿ ಡಬ್ಬಿಗೆ ಹಾಕಿಕೊಂಡಳು. ದುಪ್ಪಟಿಯನ್ನು ಒಮ್ಮೆ ಕೊಡವಿಬಿಡು ಎಂದು ಸೊಸೆ ಕೇಳಿಕೊಂಡಳು.

"ಎಲ್ಲಾ ಎತ್ತಿದ್ದೀನಿ ಅತ್ತಿಗೆ. ನಿಮಗೆ ಮೈಯೆಲ್ಲಾ ಅನುಮಾನ," ಎಂದು ನಾದಿನಿ ಎದ್ದು ಹೋದಳು.

ಬೆಳಗ್ಗೆ ಸೊಸೆಗೆ ಎಚ್ಚರವಾದದ್ದು ಗಾಲಿ ಉರುಳುವ ಸದ್ದಿಗೆ. ಕೈ ಚಾಚಿದಳು, ಮಂಚದ ಪಕ್ಕ ಕುರ್ಚಿ ಇರಲಿಲ್ಲ. ಎದುರಿನ ಮೊಳೆಯಲ್ಲಿ ಹಸಿರು ಇರಲಿಲ್ಲ. ಗೂಡಿನಲ್ಲಿದ್ದ ಅವಳ ಉಳಿದ ಜೋಡಿಗಳೂ ಇರಲಿಲ್ಲ. ಬಾಗಿಲಲ್ಲಿ ಗಂಡ ಮಡಚಿದ ಕುರ್ಚಿಯನ್ನು ಹಿಡಿದುಕೊಂಡು, ಕದಿಯುವಾಗ ಸಿಕ್ಕಿಬಿದ್ದವನಂತೆ ನಿಂತಿದ್ದ.

"ಅದನ್ನ ಎಲ್ಲಿಗೆ ತಗೊಂಡು ಹೋಗ್ತಿದ್ದೀರಿ?"

"ಎರಡೇ ದಿನ ಕಣೇ."

"ನಾನು?"

ಅವನು ತಾಯಿಯ ದಾರಿ ನೋಡಿದ. ಅತ್ತೆ ತಲೆ ಬಾಚಿಕೊಳ್ಳುತ್ತಾ ಬಂದರು. ರೈಲಿನ ಬಾಗಿಲಲ್ಲಿ ಹಮಾಲರು ತಮ್ಮ ಸೊಸೆಯನ್ನು ಮೂಟೆಯ ಹಾಗೆ ಎತ್ತುವುದನ್ನು ನೋಡಲು ತಮ್ಮಿಂದಾಗದು, ಇದೆಲ್ಲ ಅವಳ ಒಳ್ಳೆಯದಕ್ಕೇ ಎಂದರು. ಅವಳ ಜೋಡಿಗಳು ಮಳಿಗೆಯಲ್ಲಿ ತೋರಿಸಲು ಬೇಕು. ಕುರ್ಚಿಯೂ ಬೇಕು.

"ಕುರ್ಚಿಯಲ್ಲಿ ಯಾರು ಕೂರ್ತಾರೆ?"

ನಾದಿನಿ ಉಗುರು ನೋಡಿಕೊಂಡಳು. "ಯಾರಾದ್ರೂ ಕೂತು ತೋರಿಸಬೇಕಲ್ಲ ಅತ್ತಿಗೆ. ಬರೀ ಕುರ್ಚಿ ಇಟ್ಟರೆ ಜನಕ್ಕೆ ಹೇಗೆ ತಿಳಿಯುತ್ತೆ?"

ಸೊಸೆ ಅಳಲಿಲ್ಲ, ಗಂಡನ ಮುಖವನ್ನೇ ನೋಡುತ್ತಾ ಕೇಳಿದಳು. "ಕುರ್ಚಿ ಇಲ್ಲದೆ ನಾನು ಮಗ್ಗುಲು ತಿರುಗೋದು ಹೇಗೆ ರೀ?"

ಎದುರು ಮನೆಯವರಿಗೆ ಹೇಳಿದ್ದೇನೆ, ನೋಡಿಕೊಳ್ಳುತ್ತಾರೆ ಎಂದ. ಹೇಳಿದ್ದು ನಿಜ. ಊಟದ ವಿಷಯ ಹೇಳಿದ್ದ, ಬೀಗದ ಕೈ ಕೊಟ್ಟಿದ್ದ. ಮಗ್ಗುಲಿನ ವಿಷಯ ಹೇಳಲು ನಾಚಿಕೆಯಾಗಿತ್ತೋ ಮರೆತಿತ್ತೋ, ದೇವರಿಗೇ ಗೊತ್ತು.

ಎದುರು ಮನೆಯಾಕೆ ಹೊತ್ತು ಹೊತ್ತಿಗೆ ಬಂದಳು. ತಟ್ಟೆ ಇಟ್ಟಳು, ತಟ್ಟೆ ಎತ್ತಿದಳು. ಒಮ್ಮೆ ಮಗ್ಗುಲಿಗೆ ತಿರುಗಿಸು ತಾಯಿ ಎಂದು ಸೊಸೆ ಕೈ ಹಿಡಿದುಕೊಂಡಾಗ, ಹೆಗಲಿಗೆ ಕೈ ಹಾಕಿ ಎತ್ತಲು ನೋಡಿದಳು. ನಿಲುವಂಗಿಯ ಹಿಂಬದಿಯ ಸೀಳು ಬಾಯಿ ತೆರೆದು ಬೆನ್ನೆಲ್ಲ ಕಂಡಿತು. ಆಕೆ ಮುಖ ಬೇರೆ ಕಡೆ ಮಾಡಿ, ನನ್ನ ಸೊಂಟವೂ ಸರಿಯಿಲ್ಲಮ್ಮ, ನಿಮ್ಮತ್ತೆ ಬಂದುಬಿಡಲಿ ಎನ್ನುತ್ತಾ ಹೊದಿಕೆ ಎಳೆದು ಹೋದಳು. ಸೊಸೆ ಮಂಚದ ಪಟ್ಟಿ ಹಿಡಿದು ಎಳೆದುಕೊಂಡಳು. ಪಟ್ಟಿ ತಗ್ಗಿನಲ್ಲಿತ್ತು, ಹೆಗಲು ಮಾತ್ರ ತಿರುಗಿತು, ಸೊಂಟ ಕದಲಲಿಲ್ಲ. ಇಡೀ ಹಗಲು, ಇಡೀ ರಾತ್ರಿ, ಮತ್ತೊಂದು ಹಗಲು ಅವಳು ಇಟ್ಟ ಹಾಗೇ ಇದ್ದಳು. ಏನೂ ನೋಯಲಿಲ್ಲ. ಎರಡನೆಯ ದಿನ ಸಂಜೆ ವಾಸನೆ ಬಂತು.

ಹೋದವರು ಜಗಳವಾಡುತ್ತಲೇ ಬಂದರು. ಮಲಗಿದಲ್ಲಿಗೇ ಎಲ್ಲ ಕೇಳಿಸುತ್ತಿತ್ತು. ಮಳಿಗೆಯಲ್ಲಿ ನಾದಿನಿ ಹಸಿರು ತೊಟ್ಟು, ಕಾಲ ಮೇಲೆ ಕಂಬಳಿ ಹೊದ್ದು, ದುಃಖದ ಮುಖ ಮಾಡಿಕೊಂಡು ಕುರ್ಚಿಯಲ್ಲಿ ಕೂತಿದ್ದಳು. ನೋಡಿದವರು ಅಯ್ಯೋ ಪಾಪ ಎಂದು ಹೆಚ್ಚೆಚ್ಚೇ ಕೊಂಡರು. ಮಧ್ಯಾಹ್ನ ಯಾರದೋ ಕೈ ತಾಗಿ ಬಿಸಿ ಚಹಾ ತೊಡೆಯ ಮೇಲೆ ಚೆಲ್ಲಿತು. ಚಂಗನೆ ಹಾರಿ ನಿಂತಳು. ಹಿಂದಿನಿಂದ ಯಾರೋ, ಆ ಚಹಾ ನಮ್ಮ ತಾತನಿಗೂ ಒಂದು ಲೋಟ ಕೊಡಿ ಎಂದ. ಇಡೀ ಸಾಲು ಮಳಿಗೆಗಳು ನಕ್ಕವು. ಕೊಂಡವರು ಬಟ್ಟೆ ಎಸೆದು ಹಣ ವಾಪಸ್ಸು ಪಡೆದರು.

ಒಬ್ಬ ಮಾತ್ರ ಉಳಿದ. ಗಾಲಿಕುರ್ಚಿಯವರನ್ನು ಗುಂಪಾಗಿ ಪ್ರವಾಸ ಕರೆದೊಯ್ಯುವ ಕಂಪನಿಯ ಯಜಮಾನ. ನಿಜವಾಗಿ ಕೂರುವವರು ಮನೆಯಲ್ಲಿ ಇದ್ದಾರೇನು ಎಂದು ಕೇಳಿದ. ನಾಳೆ ಬೆಳಗ್ಗೆ ಆ ದಾರಿಯಲ್ಲೇ ಬರುತ್ತಿದ್ದೇನೆ, ಅವರನ್ನು ಕಂಡರೆ ದೊಡ್ಡ ಆರ್ಡರು ಎಂದ.

ಅತ್ತೆ ಬಿಸಿನೀರು, ಸಾಬೂನು, ಹೊಸ ಟವೆಲು ಹಿಡಿದು ಒಳಗೆ ಬಂದರು. ತಾಯೀ ಎಂದು ಕರೆದರು. ಆ ಮನೆಯಲ್ಲಿ ಸೊಸೆಗೆ ಆ ಹೆಸರು ಅಂದೇ ಮೊದಲು. ಮಗನನ್ನು ಕರೆದು ಮಗ್ಗುಲಿಗೆ ತಿರುಗಿಸಿದರು.

ತಿರುಗಿಸಿದವರು ಹಾಗೇ ನಿಂತರು. ಬೆನ್ನಿನ ಬುಡದಲ್ಲಿ, ಎಲುಬು ಚರ್ಮಕ್ಕೆ ಹತ್ತಿರವಾಗುವ ಕಡೆ, ಮಾಂಸ ಕಪ್ಪಾಗಿ ಬಾಯಿಬಿಟ್ಟಿತ್ತು. ಅದರೊಳಗೆ ಹಿತ್ತಾಳೆಯ ಗುಂಡಿ ನಟ್ಟಿತ್ತು. ಅತ್ತೆ ಎರಡು ಬೆರಳಿನಿಂದ ಎಳೆಯಬೇಕಾಯಿತು. ಬಾಗಿಲಲ್ಲಿದ್ದ ನಾದಿನಿ ಬಚ್ಚಲಿಗೆ ಓಡಿದಳು.

"ಡಾಕ್ಟರ ಹತ್ರ..." ಎಂದ ಗಂಡ.

"ನಾಳೆ ಮಧ್ಯಾಹ್ನ," ಎಂದರು ಅತ್ತೆ. "ಬೆಳಗ್ಗೆ ಅವರು ಬಂದು ಹೋಗಲಿ. ಒಂದು ಗಳಿಗೆ ಕೂತರೆ ಏನಾಗುತ್ತೆ? ಅವಳಿಗಂತೂ ನೋವು ಗೊತ್ತಾಗಲ್ಲ."

ಗಂಡನ ಬಾಯಲ್ಲಿ ಆಯ್ತಮ್ಮ ಬಂದು ಅರ್ಧಕ್ಕೆ ನಿಂತಿತು. ಇಬ್ಬರೂ ಸೊಸೆಯನ್ನು ನೋಡಿದರು. ಅವಳು ಅಂಗೈ ಚಾಚಿದಳು. ಅತ್ತೆ ಗುಂಡಿಯನ್ನು ಆ ಅಂಗೈಗೆ ಹಾಕಿದರು. ಸೊಸೆ ಮುಷ್ಟಿ ಮುಚ್ಚಿಕೊಂಡಳು.

"ನನ್ನ ಹಸಿರು ಒಗೆದು ಹಾಕಿ," ಎಂದಳು. "ಬೆಳಗ್ಗೆ ಕೂರಿಸಿ."

ಕೂರಿಸಿದರು. ಯಜಮಾನ ಬಂದ, ಚಹಾ ಕುಡಿದ. ಸೊಸೆ ಜಿಪ್ಪು ಎಳೆದು ತೋರಿಸಿದಳು; ಹಿಂಭಾಗ ಯಾಕೆ ಎತ್ತರ, ರೈಲಿನ ಇಕ್ಕಟ್ಟಾದ ಶೌಚಾಲಯದಲ್ಲಿ ಒಬ್ಬರೇ ಹೇಗೆ ನಿಭಾಯಿಸಬಹುದು, ಎಲ್ಲ ಹೇಳಿದಳು. ಅತ್ತೆ ಹಿಂದೆ ಜೇಬಿರುವ ಒಂದನ್ನು ತಂದು ನಡುವೆ ಹಿಡಿದಾಗ ಅವನು ಅದನ್ನು ಪಕ್ಕಕ್ಕೆ ಸರಿಸಿದ. ಮುಂದಿನ ತಿಂಗಳ ಪ್ರವಾಸಕ್ಕೆ ನೀವೂ ಬನ್ನಿ, ಖರ್ಚು ನಮ್ಮದು, ಬಂದವರಿಗೆಲ್ಲ ನೀವೇ ಹೀಗೆ ಹೇಳಬೇಕು ಎಂದ. ನೀವು ಎಂದ. ಸೊಸೆಯ ಮುಖ ಕೆಂಪಾಯಿತು. ಹಿಂಭಾಗ ಹೇಗೆ ಕೂರುತ್ತದೆ, ಒಮ್ಮೆ ಮುಂದೆ ಬಾಗಿ ಎಂದು ಅವನು ಕೇಳಿದ. ಬಾಗಿದಳು.

ಹಸಿರಿನ ಮೇಲೆ ಅಂಗೈಯಗಲ ಒದ್ದೆ ಹರಡಿತ್ತು. ಯಜಮಾನ ನೋಡಿದ. ಅವನು ನೋಡಿದ್ದನ್ನು ಅತ್ತೆಯೂ ನೋಡಿದರು. ಅವನು ಲೋಟ ಕೆಳಗಿಟ್ಟು ಎದ್ದ.

"ಬಣ್ಣ ಮಾತ್ರ ಕಪ್ಪೇ ಇರಲಿ," ಎಂದ. "ಪ್ರವಾಸ ಅಂದಮೇಲೆ ಏನೇನೋ ಆಗುತ್ತೆ. ಕಲೆ ಕಾಣಬಾರದು."

ಮಧ್ಯಾಹ್ನ ಆಸ್ಪತ್ರೆಯಲ್ಲಿ ವೈದ್ಯರು ಯಾರ ಮುಖವನ್ನೂ ನೋಡದೆ ಮಾತಾಡಿದರು. ನೆನ್ನೆ ಬಂದಿದ್ದರೆ ಒಂದು ಮಾತು. ಇದರ ಮೇಲೆ ಕೂರಿಸಿದವರು ಯಾರು? ಇನ್ನು ತಿಂಗಳುಗಟ್ಟಲೆ ಕವುಚಿಯೇ ಮಲಗಬೇಕು. ಕೂತರೆ ಕೀವು ಎಲುಬಿಗೆ ಹೋಗುತ್ತದೆ, ಎಲುಬಿಗೆ ಹೋದರೆ ಪ್ರಾಣಕ್ಕೆ. ಮುಂದಿನ ತಿಂಗಳು ಪ್ರವಾಸವೊಂದಿದೆ, ಹೋಗಬಹುದೇ ಎಂದು ಸೊಸೆ ಕೇಳಿದಳು. ವೈದ್ಯರು ಅವಳನ್ನು ಆಗ ನೋಡಿದರು.

ಪ್ರವಾಸದ ದಿನ ನಾದಿನಿ ಹೋದಳು, ಈ ಸಲ ತನ್ನ ಕಾಲ ಮೇಲೇ. ಅತ್ತಿಗೆ ಹೇಳಿದ್ದನ್ನೆಲ್ಲ ಬಾಯಿಪಾಠ ಮಾಡಿಕೊಂಡಿದ್ದಳು.

ಆರ್ಡರು ದೊಡ್ಡದು, ಕಪ್ಪು ಬಟ್ಟೆಯ ಮೂಟೆಗಳು ಬಂದಿಳಿದವು. ಅಷ್ಟು ಪದರ ಕತ್ತರಿಸುವ ಕೈ ಆ ಬೀದಿಯಲ್ಲೇ ಇನ್ನೊಂದಿರಲಿಲ್ಲ. ಊಟದ ಹೊತ್ತಿನಲ್ಲಿ ಅತ್ತೆಯೇ ದಾರಿ ಕಂಡುಹಿಡಿದರು: ಹೇಗೂ ಕವುಚಿ ಮಲಗಬೇಕು, ಮಂಚದ ಮೇಲೆ ಮಲಗಿದರೇನು, ಕತ್ತರಿಸುವ ಮೇಜಿನ ಮೇಲೆ ಮಲಗಿದರೇನು? ಮೇಜಿನ ಒಂದು ತುದಿಗೆ ಹಾಸಿಗೆ ಹಾಸಿದರು. ಎದೆಯ ಕೆಳಗೆ ದಿಂಬು, ಕೈಯಲ್ಲಿ ಕತ್ತರಿ, ಮುಂದೆ ಬಟ್ಟೆ. ಉಣ್ಣುವುದೂ ಅಲ್ಲೇ, ಗಾಯ ತೊಳೆಯುವುದೂ ಅಲ್ಲೇ. ಅವಳ ಕುರ್ಚಿ ಖಾಲಿ ನಿಲ್ಲುವುದೇಕೆಂದು ಗಂಡ ಅದರ ಮೇಲೆ ಮೂಟೆ ಹೇರಿ ಅಂಗಡಿಗೂ ಹೊಲಿಗೆ ಕೋಣೆಗೂ ತಳ್ಳಾಡಿದ.

ಹಿಂದಿನ ಜೇಬು ಇರುವುದಾದರೆ ಕತ್ತರಿ ಮುಟ್ಟುವುದಿಲ್ಲ ಎಂದಳು ಸೊಸೆ. ಅತ್ತೆ ಚೌಕಾಸಿಗಿಳಿದರು. ಗುಂಡಿ ಬೇಡ, ಜೇಬಿರಲಿ ಎಂದರು. ಜೇಬು ಬೇಡ, ಜೇಬಿನಂತೆ ಕಾಣುವ ಒಂದು ಹೊಲಿಗೆಯಾದರೂ ಇರಲಿ ಎಂದರು. ಕೊನೆಗೆ ಸರಕು ತಡವಾಗುತ್ತದೆಂದು ಬಿಟ್ಟರು.

ಒಂದು ಸಂಜೆ ಹೆಂಗಸರೆಲ್ಲ ಯಂತ್ರದ ಮೇಲೆ ಬಗ್ಗಿದ್ದಾಗ ಅತ್ತೆ ಮೇಜಿನ ಬಳಿ ನಿಂತು ಕತ್ತರಿಸಿದ ಕಟ್ಟುಗಳನ್ನು ಸರಿಸುತ್ತಿದ್ದರು. ಅವರ ಮಂಡಿ ಒಂದೆರಡು ವರ್ಷದಿಂದ ಕೈಕೊಡುತ್ತಿತ್ತು. ಏಳುವಾಗ ಗೋಡೆ ಹಿಡಿಯುತ್ತಿದ್ದರು, ಹಿಡಿದದ್ದನ್ನು ಯಾರಾದರೂ ಕಂಡರೆ ಗೋಡೆಯ ಬಣ್ಣವನ್ನು ಬೈಯುತ್ತಿದ್ದರು. ಆ ಸಂಜೆ ಹಿಡಿಯಲು ಗೋಡೆ ಸಿಗಲಿಲ್ಲ. ಪಕ್ಕದಲ್ಲಿ ಮೂಟೆ ಇಳಿಸಿದ ಕುರ್ಚಿಯಿತ್ತು. ಕುಸಿದು ಅದರಲ್ಲೇ ಕೂತರು. ಒಂದು ಗಳಿಗೆ ಸುಧಾರಿಸಿಕೊಳ್ಳೋಣ ಎನ್ನುವಂತೆ ಎರಡು ಕೈಯನ್ನೂ ಕುರ್ಚಿಯ ಕೈಗಳ ಮೇಲಿಟ್ಟರು.

ಸೊಸೆ ಕತ್ತರಿ ಇಟ್ಟು ಕುತ್ತಿಗೆಯಿಂದ ಟೇಪು ತೆಗೆದಳು. ಅದರ ತುದಿಯನ್ನು ಅತ್ತೆಯ ಕಡೆ ಚಾಚಿದಳು. "ಇದನ್ನ ಮಂಡಿ ಹತ್ರ ಹಿಡ್ಕೊಳ್ಳಿ."

ಬಟ್ಟೆಯ ವ್ಯಾಪಾರದಲ್ಲಿ ಮುಪ್ಪಾದ ಕೈ. ಟೇಪು ಕೊಟ್ಟರೆ ತಾನಾಗಿ ಹಿಡಿಯಿತು. ಸೊಸೆ ಮಂಡಿಯಿಂದ ಸೊಂಟಕ್ಕೆ ಎಳೆದಳು, ಸೊಂಟದಿಂದ ಕೆಳಕ್ಕೆ ಎಳೆದಳು, ಸೀಮೆಸುಣ್ಣದಲ್ಲಿ ಗುರುತು ಹಾಕಿಕೊಂಡಳು.

"ಯಾರದೇ ಇದು?" ಎಂದರು ಅತ್ತೆ.

"ನಿಮ್ಮದೇ. ಕೂತವರ ಅಳತೆ ಕೂತಾಗಲೇ ತಗೋಬೇಕು ಅತ್ತೆ. ಇನ್ನೇನು, ಬೇಕಾಗುತ್ತಲ್ಲ."

ಹತ್ತಿರದ ಯಂತ್ರ ನಿಂತಿತು. ಆಮೇಲೆ ಅದರಾಚೆಯದು.

"ನಿಮ್ಮದಕ್ಕೆ ಹಿಂದೆ ಜೇಬು ಇಡ್ತೀನಿ. ತೂಗುಹಾಕಿದರೂ ಲಕ್ಷಣವಾಗಿರುತ್ತೆ." ದಿಂಬಿನಡಿಯಿಂದ ಏನನ್ನೋ ತೆಗೆದು ಮೇಜಿನ ಮೇಲಿಟ್ಟಳು. "ಗುಂಡಿ ನನ್ನ ಹತ್ರ ಇದೆ."

ಅತ್ತೆ ಏಳಲು ಹೋದರು. ಮಂಡಿ ಏಳಲಿಲ್ಲ. ಮಗನನ್ನು ಕೂಗಿದರು, ಬಂದು ಎತ್ತೋ ಎಂದರು.

"ಆಯ್ತಮ್ಮ," ಎಂದ ಅವನು ಅಂಗಡಿಯಿಂದ. ಗಿರಾಕಿಗಳಿದ್ದರು. ಬರಲಿಲ್ಲ.

ಸೊಸೆ ಕಪ್ಪು ಬಟ್ಟೆಯನ್ನು ಒಂದೇ ಪದರ ಹಾಸಿ, ಗುರುತಿನ ಮೇಲೆ ಕತ್ತರಿ ಓಡಿಸಿದಳು.